ಎರಡು ಮನೆ ಕೆಳಗೆ

ಅರಸೀಕೆರೆಯಲ್ಲಿ, ಸ್ಟೇಷನ್ನಿಗೆ ಬೆನ್ನು ಹಾಕಿದ
ಆ ಹಿಟ್ಟಿನ ಗಿರಣಿ ನಿಂತು ಮೂರು ವರ್ಷ.
ಈಗ ಅಲ್ಲಿ ನಾವು.
ಬಾಡಿಗೆ ಆರು ಸಾವಿರ, ಕರೆಂಟು ಬೇರೆ.
ರಾಗಿ, ಗೋಧಿ, ಖಾರದಪುಡಿಯ ಹಳೇ ದರಪಟ್ಟಿ
ಎರಡು ಸಲ ಸುಣ್ಣ ಹೊಡೆದರೂ ಇಣುಕುತ್ತದೆ
ಶಿಲುಬೆಯ ಎಡಗೈ ಕೆಳಗೆ.

ಡ್ರಮ್ಮಿನ ಮೊದಲ ಏಟಿಗೆ ತೊಲೆಯಿಂದ ಹಿಟ್ಟು ಉದುರಿತು.
ಜಯಶೀಲ ಪಾಸ್ಟರ ಕರೀ ಕೋಟಿನ ಭುಜ ಬೆಳ್ಳಗಾಯಿತು.
ಯಾರೋ ಸೀನಿದರು, ಮೆಣಸಿನಕಾಯಿಯ ಘಾಟು ಇನ್ನೂ ಇತ್ತು.
ಆರಾಧನೆ ಹಾಗೆ ಶುರುವಾಯಿತು.

ನನ್ನದು ಕೀಬೋರ್ಡು. ಕಂತಿನದು, ಇನ್ನೂ ಏಳು ಬಾಕಿ.
ಹಾಸನದ ಆರ್ಕೆಸ್ಟ್ರಾದಲ್ಲಿ ಐದು ವರ್ಷ ಪಳಗಿದ ಬೆರಳು:
ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್ನು,
ಒಂದು ಸಲ ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ.
ಕಣ್ಣು ಮುಚ್ಚಿ ಎತ್ತರದಲ್ಲಿ ಹಿಡಿದೆ;
ನನ್ನ ಗಂಟಲು ಹೊಳೆಯುವ ಜಾಗ ನನಗೆ ಗೊತ್ತು.
ಕಣ್ಣು ಬಿಟ್ಟರೆ
ನಲವತ್ತು ಜನ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು.
ಮುಗಿದ ಮೇಲೆ
ಚಪ್ಪಾಳೆಯನ್ನೂ ತಟ್ಟಿದರು, ದೇವರೇ.

ಅಪ್ಪ ಚರ್ಚಿಗೆ ಬರುವುದಿಲ್ಲ.
ನಾನು ಹೋಗತೊಡಗಿದಾಗ ಎಂಟು ತಿಂಗಳು ಮಾತೂ ಇರಲಿಲ್ಲ.
ಬಾಣಾವರ, ಗಂಡಸಿ, ಜಾವಗಲ್ಲಿನ ಸುತ್ತ
ನಲವತ್ತು ವರ್ಷ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು.
ಭೀಮನ ಪಾರ್ಟಿನ ಗೌಡರಿಗೂ ದ್ರೌಪದಿಯಾದ ಬಡಗಿಗೂ
ನಡುರಾತ್ರಿ ಮನೆ ಹುಡುಕಿ ಕೊಟ್ಟವರು,
ಪೆಟ್ಟಿಗೆಯ ಕರೀ ಮನೆ, ಬಿಳೀ ಮನೆ.
ಆ ಭಾನುವಾರ ಸಂಜೆ ಬೀಡಿ ಹಚ್ಚುತ್ತಾ, ಬೇರೆಲ್ಲೋ ನೋಡುತ್ತಾ,
"ಎಷ್ಟು ಜನ ಹಾಡಿದರು?"
"ನಲವತ್ತು ಜನ ಬಂದಿದ್ದರು."
"ಬಂದವರ ಲೆಕ್ಕ ಕೇಳಲಿಲ್ಲ."
ಆಮೇಲೆ, ಹೊಗೆಯ ಜೊತೆಗೇ:
"ಪಾತ್ರದವನ ಗಂಟಲು ನೋಡಿ ಶ್ರುತಿ ಹಿಡೀಬೇಕು.
ನಿನ್ನ ಗಂಟಲು ಯಾರಿಗೆ ಬೇಕು?
ಎರಡು ಮನೆ ಕೆಳಗಿಳಿ."

ಇಳಿದೆ.
ಹುಡುಗರು ಮುಖ ಗಂಟಿಕ್ಕಿದರು, ಮಜಾ ಇಲ್ಲ ಅಣ್ಣ ಅಂದರು.
ಕೊಬ್ಬರಿ ಮಂಡಿಯಲ್ಲಿ ದಿನವಿಡೀ ಕರಟ ಬಿಡಿಸುವ ದೊರ್ಕಮ್ಮನ ತುಟಿ
ಮೂರನೇ ವಾರ ಅಲ್ಲಾಡಿತು.
ಗ್ಯಾಂಗ್‌ಮನ್ ಸೀಲಪ್ಪ ತೊಡೆ ತಟ್ಟತೊಡಗಿದ,
ಯಾವಾಗಲೂ ಅರ್ಧ ಮಾತ್ರೆ ಹಿಂದೆ.
ಓದು ಬಾರದ ಪುಟ್ಟನಂಜಮ್ಮ
ಪ್ರತಿ ಸಾಲಿನ ಕೊನೇ ಪದವೊಂದನ್ನೇ ಹಿಡಿಯುತ್ತಿದ್ದಳು
ಹೊರಟ ಬಸ್ಸಿನ ಕಂಬಿ ಹಿಡಿದವಳ ಹಾಗೆ.
ಹನ್ನೊಂದೂಕಾಲಿಗೆ ರೈಲು ಬರುತ್ತದೆ. ತಗಡು ನಡುಗಿ
ಯಾರಿಗೂ ಯಾರದೂ ಕೇಳಿಸುವುದಿಲ್ಲ.
ಆಗ ಎಲ್ಲರೂ ಗಟ್ಟಿಯಾಗಿ ಹಾಡುತ್ತಾರೆಂದು
ಕುತ್ತಿಗೆಯ ನರ ನೋಡಿ ತಿಳಿದುಕೊಂಡೆ.
ರೈಲು ದಾಟಿದ ಮೇಲೆ ಮತ್ತೆ ಬರೀ ತುಟಿ.

ಹೋದ ಭಾನುವಾರ ಹಾಡಿನ ನಡುವೆ ಕರೆಂಟು ಹೋಯಿತು.
ಕೀಬೋರ್ಡಿನ ಕೆಂಪು ದೀಪ ಆರಿತು.
ಬೆರಳು ಮೂರು ಸ್ವರ ಸುಮ್ಮನೆ ಒತ್ತಿ, ನಾಚಿ, ನಿಂತಿತು.
ಪಾಸ್ಟರು ಪ್ರಾರ್ಥನೆಗೆಂದು ಗಂಟಲು ಸರಿಮಾಡಿಕೊಂಡರು.
ಪುಟ್ಟನಂಜಮ್ಮ ಮಾತ್ರ ಕೊನೇ ಪದವನ್ನು ಬಿಟ್ಟಿರಲಿಲ್ಲ.
ಎಳೆದಳು, ಎಳೆದಳು, ಎಳೆಯುತ್ತಾ ಒಂದಿಷ್ಟು ಕೆಳಗೆ ಜಾರಿದಳು,
ಜಾರಿದ ಜಾಗದಲ್ಲಿ ದೊರ್ಕಮ್ಮ ಮುಂದಿನ ಸಾಲು ಇಟ್ಟಳು.
ಸೀಲಪ್ಪನ ತೊಡೆ.
ಆಮೇಲೆ ಹಿಂದಿನ ಬೆಂಚು, ಬಾಗಿಲ ಹತ್ತಿರದವರು,
ಆ ಮುಖ ಗಂಟಿಕ್ಕಿದ ಹುಡುಗರು.
ರೈಲು ಇರಲಿಲ್ಲ.

ನಾನು ಹಾಡಲಿಲ್ಲ.
ಕತ್ತಲಾದ ಮನೆಗಳ ಮೇಲೆ ಕೈಯಿಟ್ಟು ಕೂತಿದ್ದೆ.
ಡ್ರಮ್ಮು ಯಾರೂ ಬಾರಿಸುತ್ತಿರಲಿಲ್ಲ. ಆದರೂ
ನನ್ನ ಮಣಿಕಟ್ಟಿನ ಮೇಲೆ ಹಿಟ್ಟು.

ಸಂಜೆ ಅಪ್ಪ ಕೇಳಿದರು.
"ಎಲ್ಲರೂ" ಅಂದೆ.
"ಯಾವ ಮನೆಯಲ್ಲಿ?"
"ಗೊತ್ತಿಲ್ಲ. ಕರೆಂಟಿರಲಿಲ್ಲ."
ಬೀಡಿ ಹೊಸಕಿ, ಮಂಚದ ಕೆಳಗಿಂದ ಪೆಟ್ಟಿಗೆ ಎಳೆದರು.
ತಿದಿ ಕೆಮ್ಮಿತು, ಅವರೂ ಕೆಮ್ಮಿದರು.
"ಗುನುಗು."
ಗುನುಗಿದೆ.
ಬಿಳಿ ಒತ್ತಿದರು. ಅಲ್ಲ.
ಪಕ್ಕದ ಕರಿ. ಅದೂ ಅಲ್ಲ.
ಮತ್ತೆ ಬಿಳಿ, ಮತ್ತೆ ಕರಿ,
ಕಿವಿ ಪೆಟ್ಟಿಗೆಗೆ ತಾಗುವಷ್ಟು ಬಾಗಿ.
"ಇದು ಮನೆಯೇ ಅಲ್ಲವಲ್ಲೋ," ಅಂದರು,
"ಎರಡು ಮನೆ ನಡುವಿನ ಸಂದಿ.
ಎಲ್ಲಿ, ಇನ್ನೊಂದು ಸಲ."